ಮಗ್ಗದ ಸದ್ದಿನಲ್ಲಿ ಬರೆದ ಪ್ರೋಗ್ರಾಮು

ಬನಹಟ್ಟಿಯ ಆ ಓಣಿಯಲ್ಲಿ ಹುಟ್ಟಿದ ಕೂಸುಗಳ ರೀತಿಯೇ ಬೇರೆ. ಸದ್ದಿದ್ದರೆ ಮಲಗುತ್ತವೆ, ಸದ್ದು ನಿಂತರೆ ಎದ್ದು ಬಾಯಿ ತೆಗೆಯುತ್ತವೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಪಾವರ್‌ಲೂಮಿನ ಖಟಾಖಟ್ ಕೇಳಿ ಬೆಳೆದ ಕಿವಿಗಳು ಅವು. ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವೆಂದರೆ, ಮರುಗಳಿಗೆಯಲ್ಲಿ ಮನೆಮನೆಯ ತೊಟ್ಟಿಲಿನಿಂದ ರಾಗ ಏಳುತ್ತದೆ. ಗಂಗಾಂಬಿಕಾಳ ಮಗಳು ಉಜ್ವಲಾ, ಮನೆಯವರ ಬಾಯಲ್ಲಿ ಉಜ್ಜಿ, ಈ ರಾಗದಲ್ಲಿ ಓಣಿಗೇ ಮುಂದಾಳು.

ಗಂಗಾಂಬಿಕಾಳದು ಬೇರೆ ಕಿವಿ. ಆಕೆ ರನ್ನ ಬೆಳಗಲಿಯ ಹೊಲದ ಮನೆಯವಳು. ಕಬ್ಬಿನ ಗರಿಯ ಸರಸರ, ದೂರದಲ್ಲೊಂದು ಮೋಟರಿನ ಗುಂಯ್ ಬಿಟ್ಟರೆ ಬೇರೆ ಗದ್ದಲ ಕಂಡವಳಲ್ಲ. ಶಿವಯೋಗಿಯನ್ನು ಮದುವೆಯಾಗಿ ಬಂದ ಹೊಸದರಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಗಂಡನ ಮಗ್ಗಗಳು ಅಡುಗೆಮನೆಯ ಗೋಡೆಯಾಚೆಗೇ ಇದ್ದವು.

"ಬೆಳಗಲಿ ಮಂದಿಗೆ ಗುಬ್ಬಿ ಹಾರಿದ್ರೂ ಎಚ್ಚರಾಗತೈತಿ ನೋಡ," ಎಂದು ಅತ್ತೆ ಮುತ್ತವ್ವ ನಗುತ್ತಿದ್ದಳು. "ಒಂದ್ ಮಳಿಗಾಲ ಹೋಗಲಿ, ನೀನೂ ನಮ್ಮಂಗ ಆಗತಿ."

ಮಳೆಗಾಲ ಹೋಯಿತು, ಆಕೆಯೂ ಹಾಗೇ ಆದಳು.

ಗಂಗಾಂಬಿಕಾ ಓದಿದ್ದು ಜಮಖಂಡಿಯಲ್ಲಿ, ಬಿಸಿಎ. ಎರಡನೆಯ ವರ್ಷದಲ್ಲೇ ಆಕೆ ಮನೆಗಾಗಿ ಒಂದು ಪ್ರೋಗ್ರಾಮು ಬರೆದಿದ್ದಳು. ತ್ರೀಫೇಸ್ ಕರೆಂಟು ಬಂದಾಗ ಹೊಲಕ್ಕೆ ನೀರು ಬಿಡುವ ಪಾಳಿ ಅಪ್ಪನದೋ ಕಾಕಾನದೋ ಎಂದು ಮೊಬೈಲಿನಲ್ಲಿ ತೋರಿಸುವಂಥದ್ದು. ಅದು ಬಂದ ಮೇಲೆ ಅಣ್ಣತಮ್ಮಂದಿರ ಜಗಳ ನಿಂತಿತು. ಕಾಕಾ ಆಕೆಯ ಮುಂದೆ ಕುಳಿತು, "ನಿನ್ನ ಮಷೀನು ನ್ಯಾಯಾ ಮಾಡತೈತಿ ಬಿಡವಾ" ಎಂದ ದಿನ, ಬದುಕಿನಲ್ಲಿ ಇದೊಂದು ಕೆಲಸ ತನ್ನಿಂದ ಬಿಡಲಾಗದು ಎಂದು ಆಕೆಗೆ ತಿಳಿಯಿತು.

ಮುಂದೆ ಜಮಖಂಡಿಯಲ್ಲೇ ನೀಲಕಂಠ ಎಂಬುವರ ಸಣ್ಣ ಕಂಪನಿಯಲ್ಲಿ ನೌಕರಿ. ಬೆಲ್ಲದ ಗಾಣ, ಜಿನ್ನಿಂಗ್ ಮಿಲ್ಲು, ಸಕ್ಕರೆ ಕಾರ್ಖಾನೆಗಳಿಗೆ ತೂಕದ ಪ್ರೋಗ್ರಾಮು ಮಾಡಿಕೊಡುವ ಕಂಪನಿ ಅದು. ಹೆರಿಗೆಗೆಂದು ಮನೆಗೆ ಬಂದವಳು ಮತ್ತೆ ಯಾವಾಗ ಕೀಬೋರ್ಡು ಮುಟ್ಟುತ್ತೇನೋ ಎಂದು ಕಾಯುತ್ತಿದ್ದಳು.

ಉಜ್ಜಿಗೆ ಮೊದಲ ಹಲ್ಲು ಮೂಡುವ ಹೊತ್ತಿಗೆ ನೀಲಕಂಠ ಕೂಸು ನೋಡಲು ಬಂದರು. ಕುಂಚಿಗೆ ಕೊಟ್ಟು, ಚಹಾ ಕುಡಿದು, ಮಾತು ತೆಗೆದರು.

"ಬೀಳಗಿ ಕಡೆ ಸಕ್ಕರಿ ಕಾರ್ಖಾನ್ಯಾಗ ಕಬ್ಬಿನ ಗಾಡಿ ತೂಗೂ ಕಾಟಾದ ಪ್ರೋಗ್ರಾಮ್ ಗೊತ್ತೈತಲ್ಲ ಗಂಗಾ? ಈ ಹಂಗಾಮಿನ್ಯಾಗ ಬಾಳ ಕಾಡಾಕತ್ತೈತಿ. ಕಾಟಾದ ಮ್ಯಾಲ ಟ್ರ್ಯಾಕ್ಟರ್ ಒಂದೀಟ ಅಲಗ್ಯಾಡಿದ್ರ ಸಾಕು, ತೂಕ ಹಿಡಿಯಾಂಗಿಲ್ಲ, ಅಲ್ಲೇ ಗಪ್ಪನ ನಿಂತಬಿಡತೈತಿ. ಹಿಂದ ಗಾಡಿ ಸಾಲು ಡಾಂಬರ ರಸ್ತಾಕ ಮುಟ್ಟತೈತಿ. ಹೊಸಾದ್ ಬರೀಬೇಕು."

"ನಾ ಬರೀತೇನ್ರಿ ಸರ."

ನೀಲಕಂಠ ತೊಟ್ಟಿಲ ಕಡೆ ನೋಡಿದರು. "ಕೂಸ ಐತಲ್ಲವಾ..."

"ಕೂಸ ಐತಿ ಅಂತ ತಲಿ ಎಲ್ಲೂ ಹೋಗಿಲ್ರಿ."

ಅವರು ನಕ್ಕರೂ ಮಾತನ್ನು ಸ್ಪಷ್ಟವಾಗಿಯೇ ಹೇಳಿದರು. ಕೆಲಸ ಆಕೆಗೇ ಕೊಡುತ್ತಾರೆ. ಗೊತ್ತು ಮಾಡಿದ ದಿನ ಹೊಸ ಪ್ರೋಗ್ರಾಮು ಕಾಟಾದ ಮೇಲೆ ನಡೆಯಬೇಕು. ನಡೆಯದಿದ್ದರೆ ಮುಂದಿನ ಕೆಲಸಗಳೆಲ್ಲ ಆಫೀಸಿನ ಗುರುಸಿದ್ದನಿಗೆ. ಗಂಗಾಂಬಿಕಾಳಿಗೆ ಮನೆಯಲ್ಲೇ ಕುಳಿತು ಗಿರಾಕಿಗಳ ಫೋನಿಗೆ ಉತ್ತರ ಕೊಡುವ ಕೆಲಸ. "ಪಗಾರ ಅಷ್ಟs ಇರತೈತಿ. ನಿನಗೂ ಆರಾಮ."

ಆ ಆರಾಮ ಎಂಬ ಮಾತು ಆಕೆಗೆ ಚುಚ್ಚಿತು. "ಎಳ್ಳಮಾಸಿ ದಿನ ಇಡ್ರಿ ಸರ," ಎಂದುಬಿಟ್ಟಳು. "ಅವತ್ತ ಕಬ್ಬ ಕಡಿಯೂ ಮಂದಿ ಭೂಮಿತಾಯಿಗೆ ಎಡಿ ಮಾಡಿ ಚರಗಾ ಚೆಲ್ಲಾಕ ಹೊಲಕ್ಕ ಹೋಗಿರತಾರ, ಕಾಟಾದ ಮ್ಯಾಲ ಗಾಡಿ ಕಮ್ಮಿ. ನಾ ಮನಿಯಿಂದನs ಜೋಡಿಸಿ ಕೊಡತೇನಿ."

ಕಾರ್ಖಾನೆಯ ದಿನಚರಿಯನ್ನು ಅಷ್ಟು ಚಂದಾಗಿ ವಿಚಾರ ಮಾಡಿದವಳು ತನ್ನ ಮನೆಯ ದಿನಚರಿಯನ್ನು ಮರೆತಿದ್ದಳು. ಅದು ಆಕೆಗೆ ಗೊತ್ತಾದದ್ದು ಬಹಳ ತಡವಾಗಿ.

ಮೊದಲ ಕೆಲವು ವಾರ ಕೆಲಸ ಕೈ ಹತ್ತಲಿಲ್ಲ. ಮಗ್ಗ ನಡೆಯುವಾಗ ಉಜ್ಜಿ ಮಲಗುವಳು, ಗಂಗಾಂಬಿಕಾ ಲ್ಯಾಪ್‌ಟಾಪು ತೆರೆಯುವಳು. ಡೇಟಾಬೇಸು ಏಳಿಸಿ, ಸರ್ವರು ಏಳಿಸಿ, ಬೇಕಾದ ಕಿಟಕಿಗಳನ್ನೆಲ್ಲ ತೆರೆಯುವಷ್ಟರಲ್ಲಿ ನಿದ್ದೆಯ ಅರ್ಧ ಭಾಗ ಹೋಗಿರುತ್ತಿತ್ತು. ಇನ್ನರ್ಧದಲ್ಲಿ ಅಲ್ಲೊಂದು ಇಲ್ಲೊಂದು ಬದಲಾಯಿಸುತ್ತಿರುವಾಗ ಫಕ್ಕನೆ ಕರೆಂಟು ಹೋಗಿ, ಮಗ್ಗ ನಿಂತು, ತೊಟ್ಟಿಲು ಅಲುಗುತ್ತಿತ್ತು. ಕೂಸಿಗೆ ಹಾಲು ಕೊಟ್ಟು, ಬಟ್ಟೆ ಬದಲಿಸಿ, ಮತ್ತೆ ಬಂದು ಕುಳಿತರೆ ತಾನು ಎಲ್ಲಿದ್ದೆ ಎಂಬುದೇ ನೆನಪಿರುತ್ತಿರಲಿಲ್ಲ. ಒಂದು ದಿನವಂತೂ ಎಷ್ಟೋ ಕಡೆ ಕೈ ಹಾಕಿ, ಯಾವುದೂ ಪೂರ್ತಿಯಾಗದೆ, ನಡೆಯುತ್ತಿದ್ದುದೂ ನಡೆಯದೆ ಕುಳಿತಿತು. ರೊಟ್ಟಿ ಬಡಿಯಲು ಎದ್ದವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಅಂದು ಮಧ್ಯಾಹ್ನ ಕೂಸನ್ನು ಹೆಗಲಿಗೆ ಹಾಕಿಕೊಂಡು ಮಗ್ಗದ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ಲಾಳಿಯೊಳಗಿನ ನೂಲು ಮುಗಿಯಿತು, ಮಗ್ಗ ತಾನಾಗಿಯೇ ನಿಂತಿತು. ಶಿವಯೋಗಿ ನೂಲು ಸುತ್ತಿದ ಬೇರೆ ಕಂಡಿಕೆ ಹಾಕಿದ, ಮಗ್ಗ ಬಿಟ್ಟ ಎಳೆಯಿಂದಲೇ ಮುಂದೆ ನಡೆಯಿತು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಶಿವಯೋಗಿ ಗಡಿಬಿಡಿ ಮಾಡಲಿಲ್ಲ, ಹೊರಗೆ ಬಂದು ಚಹಾ ಕೇಳಿದ. ನೇದದ್ದು ನೇದಂತೆ ಇತ್ತು, ನೇಯಬೇಕಾದದ್ದು ಕಾಯುತ್ತಿತ್ತು.

"ಏನ್ ನೋಡಾಕತ್ತೀ ಗಂಗಾ, ಮಗ್ಗಕ್ಕ ದೃಷ್ಟಿ ಆದೀತು," ಎಂದ.

"ನಿಮ್ಮ ಮಗ್ಗ ಎಷ್ಟ ಸಲ ನಿಂತ್ರೂ ಸೀರಿ ಕೆಡಾಂಗಿಲ್ಲ ನೋಡ್ರಿ," ಎಂದಳು. "ನಂದು ಒಮ್ಮೆ ನಿಂತ್ರ ಎಲ್ಲಾ ಗಂಟ ಆಗತೈತಿ. ನಾ ತಪ್ಪ ನೇಯಾಕತ್ತೇನಿ."

ಮರುದಿನ ಆಕೆ ತೂಕದ ಪ್ರೋಗ್ರಾಮನ್ನು ಮುಟ್ಟಲೇ ಇಲ್ಲ. ಮೊದಲು ತನ್ನ ಕೆಲಸದ ಅಂಗಳ ಸಾರಿಸಿದಳು. ಡೇಟಾಬೇಸು, ಸರ್ವರು, ಪರೀಕ್ಷೆಯ ಸಾಮಾನು ಎಲ್ಲ ಒಂದೇ ಆಜ್ಞೆಗೆ ಏಳುವಂತೆ ಸಣ್ಣ ಸ್ಕ್ರಿಪ್ಟು ಬರೆದಳು. ಅದಕ್ಕೆ ‘ಮಗ್ಗ’ ಎಂದು ಹೆಸರಿಟ್ಟಳು. ಮಗ್ಗ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ, ಉಜ್ಜಿ ಮಗ್ಗುಲು ಬದಲಿಸುವಷ್ಟರಲ್ಲಿ ಎಲ್ಲ ಸಿದ್ಧ. ಕಾರ್ಖಾನೆಗೆ ಹೋಗದೆ ತೂಕ ಎಲ್ಲಿಂದ ತರುವುದು? ಅದಕ್ಕೊಂದು ಸುಳ್ಳು ಕಾಟಾ ಕಟ್ಟಿದಳು. ನಿಜವಾದ ಕಾಟಾ ಹೇಗೆ ಅಂಕಿ ಕಳಿಸುತ್ತದೋ ಹಾಗೇ ಕಳಿಸುವ ಪುಟ್ಟ ಪ್ರೋಗ್ರಾಮು ಅದು. ಟ್ರ್ಯಾಕ್ಟರು ಅಲುಗಾಡಿದಾಗ ಅಂಕಿ ಹೇಗೆ ಕುಣಿಯುತ್ತದೋ ಅದನ್ನೂ ಕಲಿಸಿದಳು. ಊರು, ದರ, ಪ್ರಿಂಟರಿನ ಹೆಸರು, ಪಾಸ್‌ವರ್ಡು ಇಂಥವನ್ನು ಕೋಡಿನೊಳಗೆ ತುರುಕದೆ ಬೇರೆ ಫೈಲಿನಲ್ಲಿ ಇಟ್ಟಳು. ನಾಳೆ ಪ್ರಿಂಟರು ಬದಲಾದರೆ ಪ್ರೋಗ್ರಾಮಿನ ಹೊಟ್ಟೆ ಕೊಯ್ಯಬಾರದಲ್ಲ.

ಆಮೇಲೆ ರೂಢಿ ಬದಲಿಸಿದಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ತೊಟ್ಟಿಲ ಹಗ್ಗ ಜಗ್ಗುತ್ತ ಮುಗಿಸುವಷ್ಟು ಸಣ್ಣದು. ಬದಲಾಯಿಸಿದ ಕೂಡಲೇ ಪರೀಕ್ಷೆ ಓಡಿಸುವುದು. ಒಂದು ಎಳೆ ಹರಿದಿದ್ದರೂ ಅದು ಅಲ್ಲೇ ನಿಂತು ಕೆಂಪು ತೋರಿಸಬೇಕು. ಹಸಿರಾದರೆ ಒಂದು ಸಾಲಿನ ವಿವರ ಬರೆದು, ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ನಲ್ಲಿ ಗಂಟು ಹಾಕಿ, ಮನೆಯ ಹೊರಗಿನ ಸರ್ವರಿಗೆ ಕಳಿಸಿಬಿಡುವುದು. ರೌಟರಿಗೊಂದು ಸಣ್ಣ ಬ್ಯಾಟರಿ ಜೋಡಿಸಿದ್ದರಿಂದ ಕರೆಂಟು ಹೋದರೂ ಕಳಿಸುವ ಕೆಲಸ ನಿಲ್ಲುತ್ತಿರಲಿಲ್ಲ. ವಿವರದಲ್ಲಿ ‘ಚೂರು ಬದಲು’ ಎಂದು ಬರೆಯುತ್ತಿರಲಿಲ್ಲ. ‘ಗಾಡಿ ಅಲುಗಿದರೆ ಅಂಕಿ ತಣ್ಣಗಾಗುವ ತನಕ ಕಾಯುತ್ತದೆ’ ಎಂದು ಬರೆಯುತ್ತಿದ್ದಳು. ಏಳುವ ಮೊದಲು, ಮುಂದೆ ಏನು ಮಾಡಬೇಕೋ ಅದರ ಪರೀಕ್ಷೆಯನ್ನು ಬೇಕೆಂತಲೇ ಸೋಲುವಂತೆ ಬರೆದಿಟ್ಟು ಏಳುತ್ತಿದ್ದಳು. ಮರಳಿ ಬಂದು ಮಗ್ಗ ಎಂದೊತ್ತಿದರೆ ಆ ಕೆಂಪು ಸಾಲೇ, ‘ಇಲ್ಲಿಂದ ಹಿಡಿ’ ಎಂದು ಕರೆಯುತ್ತಿತ್ತು.

ಕೆಲಸ ಓಡತೊಡಗಿತು. ಉಜ್ಜಿ ಎದ್ದರೆ ಆಕೆಗೀಗ ಸಿಟ್ಟು ಬರುತ್ತಿರಲಿಲ್ಲ. ಕೂಸಿನ ಅಳು ಕೇಳಿದಾಗ ಕೈ ತಾನಾಗಿ ಕೀಬೋರ್ಡು ಬಿಡುತ್ತಿತ್ತು, ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತಿರಲಿಲ್ಲ. ಹಾಲು ಕುಡಿಯುವ ಆ ಬೆಚ್ಚನೆಯ ಬಾಯಿಗೆ ಇಡೀ ತಾಯಿ ಸಿಗುತ್ತಿದ್ದಳು.

ಗುರುಸಿದ್ದ ಒಮ್ಮೆ ಬನಹಟ್ಟಿಗೆ ಬಂದು ಇದನ್ನೆಲ್ಲ ನೋಡಿ ನಕ್ಕ. ಅವನು ಒಮ್ಮೆ ಕುಳಿತರೆ ಊಟ ನೀರು ಮರೆತು ಬರೆಯುವವನು, ಕೆಟ್ಟವನಲ್ಲ, ಜಂಬ ಜಾಸ್ತಿ.

"ಏನ್ರೀ ಅಕ್ಕಾರ, ಹಿಂಗ ತುತ್ತ ತುತ್ತ ಉಣಿಸಿದಂಗ ಕೋಡ್ ಬರದ್ರ ಯಾವಾಗ ಮುಗಿಯೂದ್ರಿ? ನಾ ಆಗಿದ್ರ ಒಂದs ಏಟಿಗೆ ಎಲ್ಲಾ ಬರದು ಒಗಿತಿದ್ನಿ."

"ಒಗದದ್ದ ಹೆಕ್ಕಾಕ ಮತ್ತ ಯಾರ್ ಬರತಾರೋ ತಮ್ಮಾ?"

ಮುತ್ತವ್ವ ಕಂಡಿಕೆ ಸುತ್ತುತ್ತಲೇ ಕೇಳಿಸಿಕೊಂಡಿದ್ದಳು. "ತುತ್ತ ತುತ್ತ ಉಂಡs ನೀನೂ ಇಷ್ಟೆತ್ತರ ಆಗೀಯಪಾ," ಎಂದಳು. ಗುರುಸಿದ್ದನ ಮುಖ ಕೆಂಪಾಯಿತು, ಆದರೂ ನಕ್ಕ.

ಡಿಸೆಂಬರಿನಲ್ಲಿ ಹೊಸ ಪ್ರೋಗ್ರಾಮನ್ನು ಕಾರ್ಖಾನೆಯ ಕಾಟಾ ಕೋಣೆಯಲ್ಲಿ ಹಳೆಯದರ ಪಕ್ಕದಲ್ಲೇ ಕೂರಿಸಿದರು. ಅದು ಯಾರಿಗೂ ತೂಕದ ಚೀಟಿ ಕೊಡುವಂತಿಲ್ಲ, ಬರಿ ಕೇಳಬೇಕು. ಹಳೆಯದು ಹಿಡಿದ ತೂಕವನ್ನು ತಾನೂ ಹಿಡಿದು ಹೋಲಿಸಬೇಕು. ಎಲ್ಲಿ ವ್ಯತ್ಯಾಸ ಬಂದರೂ ಗಂಗಾಂಬಿಕಾ ಮನೆಯಲ್ಲಿ ಕುಳಿತು ನೋಡುತ್ತಿದ್ದಳು, ಸರಿಪಡಿಸುತ್ತಿದ್ದಳು. ಎಳ್ಳಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಎರಡೂ ಜೋಡೆತ್ತಿನ ಹಾಗೆ ಹೆಜ್ಜೆ ಹಾಕುತ್ತಿದ್ದವು.

ಹಬ್ಬದ ಹಿಂದಿನ ದಿನ ಶೇಂಗಾ ಹೋಳಿಗೆಗೆ ಹೂರಣ ಅರೆಯುತ್ತ ಮುತ್ತವ್ವ, "ನಾಳಿ ಮಗ್ಗಕ್ಕ ಸೂಟಿ, ಓಣ್ಯಾಗೆಲ್ಲಾ ತಣ್ಣಗ ಇರತೈತಿ," ಎಂದಳು.

ಗಂಗಾಂಬಿಕಾಳ ಕೈ ನಿಂತಿತು. ಅಮಾವಾಸ್ಯೆ! ಅಂದು ಓಣಿಯಲ್ಲಿ ಮಗ್ಗ ಹಾಕುವುದಿಲ್ಲ, ಪೂಜೆಯಷ್ಟೇ. ಇಡೀ ಓಣಿ ಗಪ್‌ಚಿಪ್. ಉಜ್ಜಿ ದಿನವಿಡೀ ಕಣ್ಣು ಮುಚ್ಚುವುದಿಲ್ಲ. ಕಾರ್ಖಾನೆಯ ನೆಮ್ಮದಿಯ ದಿನವನ್ನು ಆರಿಸಿದವಳು ತನ್ನ ತೊಟ್ಟಿಲಿನ ಗದ್ದಲದ ದಿನವನ್ನೇ ಆರಿಸಿಕೊಂಡಿದ್ದಳು.

"ಅತ್ತೀ, ನಾಳೆ ಒಂದ್ ಮಗ್ಗರ ಖಾಲಿ ಓಡಸೂಣೇನ್ರಿ?"

"ಅಮಾಸಿ ದಿನಾನs? ಹುಚ್ಚೀ."

ಶಿವಯೋಗಿ ಮೊಬೈಲಿನಲ್ಲಿ ಮಗ್ಗದ ಸದ್ದು ಹಿಡಿದು ತೊಟ್ಟಿಲ ಬಳಿ ಹಚ್ಚಿ ನೋಡಿದ. ಉಜ್ಜಿ ಮೊಬೈಲನ್ನೇ ಕಚ್ಚಿ ತಿನ್ನಲು ನೋಡಿದಳು. ನೆಲ ನಡುಗದ ಸದ್ದಿಗೆ ಆಕೆ ಮೋಸ ಹೋಗಲಿಲ್ಲ.

ನೆಲ ನಡುಗಬೇಕು. ಗಂಗಾಂಬಿಕಾಳಿಗೆ ಹೊಳೆದದ್ದು ಆಗ. ಹಬ್ಬವಿರಲಿ ಹುಣ್ಣಿಮೆಯಿರಲಿ, ಹಂಗಾಮಿನಲ್ಲಿ ನಿಲ್ಲದೆ ನಡುಗುವ ನೆಲ ಒಂದೇ. "ಅತ್ತೀ, ಉಜ್ಜೀನ ಕಾರ್ಖಾನಿಗೆ ಕರ್ಕೊಂಡ ಹೋಗೂಣ್ರಿ. ನೀವೂ ಬರ್ರಿ."

ಹೀಗೆ ಎಳ್ಳಮಾವಾಸ್ಯೆಯ ಬೆಳಿಗ್ಗೆ, ಸೀರೆ ಸಾಗಿಸುವ ಓಮ್ನಿ ವ್ಯಾನಿನಲ್ಲಿ ಗಂಗಾಂಬಿಕಾ, ಶಿವಯೋಗಿ, ಮುತ್ತವ್ವ, ಹೋಳಿಗೆಯ ಡಬ್ಬಿ, ಸಜ್ಜೆಯ ಕಡುಬು, ಲ್ಯಾಪ್‌ಟಾಪು ಮತ್ತು ಉಜ್ಜಿ ಬೀಳಗಿಯ ದಾರಿ ಹಿಡಿದರು. ದಾರಿಯುದ್ದಕ್ಕೂ ಜೋಳದ ಹೊಲಗಳಲ್ಲಿ ಜನ ಬುತ್ತಿ ಬಿಚ್ಚುತ್ತಿದ್ದರು. ಕಾರ್ಖಾನೆಯ ಗೇಟು ದಾಟಿದ್ದೇ ತಡ, ಗಾಣದ ಗುಡುಗಿಗೆ ಉಜ್ಜಿಯ ರೆಪ್ಪೆ ಭಾರವಾಯಿತು. ಕಾಟಾ ಕೋಣೆಯ ಹಿಂದೆ ಓಮ್ನಿ ನಿಲ್ಲಿಸುವಷ್ಟರಲ್ಲಿ ಅಜ್ಜಿಯ ತೊಡೆಯ ಮೇಲೆ ಗಾಢ ನಿದ್ದೆ.

ಕಾಟಾ ಕೋಣೆಯ ಗುಮಾಸ್ತ ಭೀಮಪ್ಪ ಅವರನ್ನು ನೋಡಿ, "ಏನ್ರೀ ಬಾಯಾರ, ಪ್ರೋಗ್ರಾಮ್ ಹಾಕಾಕ ಮನಿಮಂದೆಲ್ಲಾ ಬಂದೀರಿ?" ಎಂದ. ಗುರುಸಿದ್ದ ಮೊದಲೇ ಬಂದು ಕುಳಿತಿದ್ದ. ನೀಲಕಂಠ ಕಿಟಕಿಯ ಬಳಿ ನಿಂತಿದ್ದರು.

ಮಾಡಬೇಕಾದ ಕೆಲಸ ಒಂದೇ, ಆದರೆ ನಾಜೂಕಿನದು. ಪ್ರತಿ ಗಾಡಿಗೂ ಎರಡು ತೂಕ. ಕಬ್ಬು ತುಂಬಿ ಬಂದಾಗ ಒಂದು, ಇಳಿಸಿ ಹೋಗುವಾಗ ಖಾಲಿಯದು ಇನ್ನೊಂದು. ಒಂದು ತೂಕ ಮುಗಿಸಿ, ಖಾಲಿ ತೂಕಕ್ಕಾಗಿ ಒಳಗೆ ನಿಂತ ಗಾಡಿಗಳ ವಿವರವನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಬೇಕು. ನಡುವೆ ಒಂದು ಗಾಡಿ ಕಳೆದುಹೋದರೂ ಯಾವನೋ ರೈತನ ಕಬ್ಬು ತೂಕವಿಲ್ಲದೆ ಗಾಣಕ್ಕೆ ಹೋದಂತೆ.

ಗಂಗಾಂಬಿಕಾ ದಾಟಿಸುವ ಕೆಲಸ ಶುರು ಮಾಡಿದಳು. ಒಂದೊಂದೇ ಗಾಡಿಯ ನಂಬರು ಪರದೆಯ ಮೇಲೆ ದಾಟತೊಡಗಿತು. ಗುರುಸಿದ್ದ ಬೆರಳು ಮಡಚಿ ಎಣಿಸುತ್ತಿದ್ದ.

ಆಗ ಗಾಣ ನಿಂತಿತು.

ಹಬ್ಬದ ದಿನ, ಕಡಿಯುವವರಿಲ್ಲ, ಅಂಗಳದ ಕಬ್ಬು ತೀರಿಹೋಗಿತ್ತು. ಆ ದೊಡ್ಡ ಗುಡುಗು ನಿಧಾನಕ್ಕೆ ಕೆಳಗಿಳಿದು ನಿಶ್ಶಬ್ದವಾಯಿತು. ಅದರ ಬೆನ್ನಿಗೇ ಕಾರ್ಖಾನೆಗೆ ಕರೆಂಟು ಕೊಡುವ ಟರ್ಬೈನು ಕೈಕೊಟ್ಟು ಕರೆಂಟು ಹೋಯಿತು. ಕಾಟಾ ಕೋಣೆಯ ಹಳೆಯ ಯುಪಿಎಸ್ ನಾಲ್ಕು ಸಲ ಕುಂಯ್ ಎಂದು ಕಣ್ಣು ಮುಚ್ಚಿತು. ಪರದೆ ಕಪ್ಪಾಯಿತು. ಓಮ್ನಿಯಿಂದ ಉಜ್ಜಿಯ ರಾಗ ಎದ್ದಿತು.

"ಸತ್ತಿವಿ," ಎಂದ ಗುರುಸಿದ್ದ. "ಅಕ್ಕಾರ, ಅರ್ಧಕ್ಕ ನಿಂತೈತ್ರಿ! ಯಾವ ಗಾಡಿ ದಾಟೇತಿ, ಯಾವುದ ಇಲ್ಲ, ದೇವರಿಗೇ ಗೊತ್ತ!"

ನೀಲಕಂಠರ ಮುಖ ಬಿಳಿಚಿಕೊಂಡಿತ್ತು. ಗಂಗಾಂಬಿಕಾಳಿಗೆ ಮಾತ್ರ ನಗು ಬಂದುಬಿಟ್ಟಿತು. ಸದ್ದಿಲ್ಲ, ಕರೆಂಟಿಲ್ಲ, ಕೂಸು ಅಳುತ್ತಿದೆ. ಇದು ಆಕೆಯ ದಿನನಿತ್ಯದ ಮಧ್ಯಾಹ್ನ! ಈ ಪ್ರೋಗ್ರಾಮಿನ ಒಂದೊಂದು ಸಾಲೂ ಇಂಥ ಗಳಿಗೆಯಲ್ಲೇ ಹುಟ್ಟಿತ್ತು.

ಆಕೆ ಎದ್ದಳು. "ಗುರುಸಿದ್ದ, ಕೂಸು ಹಸದೈತಿ, ನಾ ಹೊಂಟೆ. ಈ ಕಂಪ್ಯೂಟರಿನ್ಯಾಗೂ ನನ್ನ ಸ್ಕ್ರಿಪ್ಟ್ ಹಾಕೇನಿ, ಕರೆಂಟ್ ಬಂದ ಮ್ಯಾಲ ‘ಮಗ್ಗ’ ಅಂತ ಒತ್ತು. ಪರದಿ ಏನ್ ಹೇಳತೈತಿ ಅದನ್ನ ಓದು, ಅಷ್ಟs ಮಾಡು."

"ನೀವ್ ಹೋಗಾಕತ್ತೀರಿ? ನಾ ಒಬ್ಬನs?"

"ನಾ ಇಲ್ಲಂದ್ರೂ ನಡೀಬೇಕು ಅಂತನs ಬರದೇನಿ."

ಓಮ್ನಿಯ ಬಾಗಿಲಿಗೆ ಮುತ್ತವ್ವ ಸೆರಗು ಮರೆ ಮಾಡಿ ನಿಂತಳು. ಒಳಗೆ ಉಜ್ಜಿ ಹಾಲು ಕುಡಿಯುತ್ತ ತಾಯಿಯ ಕರಿಮಣಿ ಹಿಡಿದು ಜಗ್ಗುತ್ತಿದ್ದಳು. ಕರೆಂಟು ಬಂದದ್ದು ಗೊತ್ತಾದದ್ದು ಕೋಣೆಯ ದೀಪದಿಂದ. ಗಂಗಾಂಬಿಕಾ ಕಿವಿ ನೆಟ್ಟು ಕುಳಿತಳು.

ಗುರುಸಿದ್ದನ ದನಿ ಕಿಟಕಿಯಿಂದ ಕೇಳಿಸಿತು. "ಸರ, ಇದು ಹೇಳಾಕತ್ತೈತ್ರಿ... ಇಷ್ಟ ಗಾಡಿ ದಾಟ್ಯಾವು, ಕಡೀ ಗಾಡಿ ಇಂಥಾದ್ದು, ಉಳದಾವನ್ನ ದಾಟಸ್ಲಿ ಏನು ಅಂತ ಕೇಳಾಕತ್ತೈತಿ."

"ಹೂಂ ಅನ್ನೋ ಮಾರಾಯಾ!" ನೀಲಕಂಠರು ಗದರಿದರು.

ದಾಟಿದ ಗಾಡಿಯನ್ನು ಅದು ಮತ್ತೆ ಮುಟ್ಟಲಿಲ್ಲ, ದಾಟದ್ದನ್ನು ಬಿಡಲಿಲ್ಲ. ಕೊನೆಯ ಸಾಲು ಹಸಿರಾದಾಗ ಗುರುಸಿದ್ದ ಹೊರಗೆ ಓಡಿಬಂದು, ಮುತ್ತವ್ವ ಹೋಗು ಎಂದು ಕೈ ಬೀಸುತ್ತಿದ್ದರೂ ದೂರದಿಂದಲೇ ಕೂಗಿದ: "ಅಕ್ಕಾರs, ಒಂದ ಗಾಡೀನೂ ಕಳದ ಹೋಗಿಲ್ಲ! ಒಂದೂ ಹೋಗಿಲ್ರಿ!"

ಇನ್ನು ತೂಕ ಹಿಡಿದು ನೋಡಬೇಕು, ಆದರೆ ಅಂಗಳದಲ್ಲಿ ತುಂಬಿದ ಗಾಡಿಯೇ ಇಲ್ಲ. ಶಿವಯೋಗಿ ಓಮ್ನಿಯನ್ನೇ ಕಾಟಾದ ಮೇಲೆ ಹತ್ತಿಸಿದ. ಗಂಗಾಂಬಿಕಾ ಕೂಸಿನೊಂದಿಗೆ ಇಳಿದಿದ್ದಳು, ಮುತ್ತವ್ವ ಒಳಗೇ ಕುಳಿತಿದ್ದಳು.

"ಅಮ್ಮಾರ, ಇಳೀರಿ," ಎಂದ ಭೀಮಪ್ಪ. "ನಿಮ್ಮ ತೂಕಾನೂ ಬರತೈತಿ."

"ಬರಲಿ ಬಿಡೋ ಯಪ್ಪಾ. ನನ್ನ ಸ್ವಸಿ ಮಷೀನಿಗೆ ಮೊದಲ ಬೋಣಿಗಿ ನಂದs ಆಗಲಿ."

ಶಿವಯೋಗಿ ತಮಾಷೆಗೆಂದು ಓಮ್ನಿಯನ್ನು ಹಿಂದೆ ಮುಂದೆ ಅಲುಗಿಸಿದ. ಅಂಕಿ ಕುಣಿಯಿತು. ಎಲ್ಲರೂ ಪರದೆಯತ್ತ ಬಾಗಿದರು. ಹಳೆಯದಾಗಿದ್ದರೆ ಇಲ್ಲೇ ಸತ್ತು ಬೀಳುತ್ತಿತ್ತು. ಹೊಸದು ಕಾದಿತು, ಅಂಕಿ ತಣ್ಣಗಾಯಿತು, ಪ್ರಿಂಟರು ಕಿರ್ರೆಂದು ಚೀಟಿ ಕೊಟ್ಟಿತು. ಅಷ್ಟರಲ್ಲಿ ಒಳಗಿನಿಂದ ಖಾಲಿ ಟ್ರ್ಯಾಕ್ಟರೊಂದು ಬಂತು. ಬೆಳಿಗ್ಗೆ ಹಳೆಯದರಲ್ಲಿ ತೂಗಿದ್ದ ಗಾಡಿ. ಭೀಮಪ್ಪ ನಂಬರು ಒತ್ತಿದ, ತುಂಬಿದ ತೂಕ ಕಣ್ಣೆದುರು ಬಂದು ನಿಂತಿತು. ಎರಡನೆಯ ಚೀಟಿಯೂ ಬಂತು. ಡ್ರೈವರು ಚೀಟಿ ನೋಡಿದ, ಕೂಸನ್ನು ನೋಡಿದ.

"ಇಷ್ಟ ಲಗೂ? ಕೂಸಿನ ಕಾಲ್ಗುಣ ಛಲೋ ಐತ್ರಿ," ಎಂದು ಗೇರು ಹಾಕಿದ.

ಎಲ್ಲರೂ ಕಾಟಾ ಕೋಣೆಯಲ್ಲೇ ಕುಳಿತು ಹೋಳಿಗೆ ತಿಂದರು. ನೀಲಕಂಠ ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಮುಧೋಳ ಕಡೆ ಇನ್ನೊಂದ ಕಾರ್ಖಾನಿದೂ ಇಂಥಾದs ಐತಿ. ಅದೂ ನೀನs ಮಾಡ ಗಂಗಾ," ಎಂದರು. ಹೋಳಿಗೆ ಮುರಿಯುತ್ತ, "ಫೋನ್ ಎತ್ತಾಕ ಬ್ಯಾರೆ ಯಾರನ್ನರ ನೋಡೂಣು," ಎಂದರು.

"ಸಾಮಾನೆಲ್ಲಾ ಗುರುಸಿದ್ದಗೂ ಕೊಡತೇನ್ರಿ ಸರ," ಎಂದಳು. "ಇಬ್ಬರೂ ಒಂದs ನಮೂನಿ ಕೆಲಸಾ ಮಾಡಿದ್ರ ಯಾರ ಎದ್ದ ಹೋದ್ರೂ ನಿಲ್ಲಾಂಗಿಲ್ಲ."

ಗುರುಸಿದ್ದ ಬಾಯಿತುಂಬ ಹೋಳಿಗೆ ತುಂಬಿಕೊಂಡಿದ್ದ, ತಲೆ ಮಾತ್ರ ಆಡಿಸಿದ.

"ತುತ್ತ ತುತ್ತ ತಿನ್ನೋ ತಮ್ಮಾ," ಎಂದಳು ಮುತ್ತವ್ವ. "ಒಂದs ಏಟಿಗೆ ಒಗೀಬ್ಯಾಡ."

ನಗು ಇಳಿಯುವ ಮೊದಲೇ ಹೊರಗೆ, ಹಿಂದಿನ ದಿನ ಕಡಿದ ಕಬ್ಬಿನ ಗಾಡಿಗಳು ದೂರದ ಊರುಗಳಿಂದ ಬಂದು ಸಾಲುಗಟ್ಟಿದ ಸದ್ದು. ಸ್ವಲ್ಪ ಹೊತ್ತಿಗೆ ಗಾಣ ಮತ್ತೆ ಗುಡುಗಿತು, ಕಿಟಕಿಯ ಗಾಜು ನಡುಗಿತು. ಗಂಗಾಂಬಿಕಾಳ ಹೆಗಲ ಮೇಲೆ ಉಜ್ಜಿಯ ತಲೆ ವಾಲಿತು. ಆಕೆ ಕೂಸನ್ನು ಹಾಗೇ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅಂದಿನ ಕೊನೆಯ ಗಂಟು ಹಾಕಿದಳು: ‘ಹಳೆಯ ಗಾಡಿಗಳೆಲ್ಲ ಹೊಸದಕ್ಕೆ ಬಂದವು. ಕರೆಂಟು ಹೋಗಿ ಬಂದರೂ ಒಂದೂ ತಪ್ಪಲಿಲ್ಲ.’